ಹೋಮ್ ನರ್ಸ್ ಇಡುವ ಮೊದಲು ಹಾಕಬೇಕಾದ ಲೆಕ್ಕ

ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ಮನೆಗೇ ಹೋಗಿ ರೋಗಿಗಳನ್ನು ನೋಡುವುದು ನನ್ನ ಕೆಲಸ. "ಆಯಿಗೆ ಸ್ಟ್ರೋಕ್ ಆಗಿದೆ. ಹೋಮ್ ನರ್ಸ್‌ಗೆ ತಿಂಗಳಿಗೆ ಎಷ್ಟಾಗುತ್ತದೆ?" ಎಂದು ಬೆಂಗಳೂರಿನಲ್ಲಿರುವ ಮಕ್ಕಳು ಫೋನ್ ಮಾಡುತ್ತಾರೆ. ಆಯಿ ತಾವೇ ಎದ್ದು ಬಚ್ಚಲಿಗೆ ಹೋಗುತ್ತಾರಾ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ನಾನು ಕೇಳುತ್ತೇನೆ. ಖರ್ಚು ನಿಂತಿರುವುದೇ ಅದರ ಮೇಲೆ.

ಮೀಯಿಸಲು, ಉಣ್ಣಿಸಲು, ಕೈಹಿಡಿದು ನಡೆಸಲು ಕಲಿತ ನರ್ಸ್ ಬೇಕಿಲ್ಲ, ಆರೈಕೆ ಮಾಡುವ ಸಹಾಯಕರು ಸಾಕು. ಕ್ಯಾಥೆಟರ್ (ಮೂತ್ರ ಹೋಗಲು ಹಾಕಿದ ನಳಿಕೆ) ಬದಲಿಸಲು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಬೇಕು. ಆದರೆ ಅದಕ್ಕೆ ಅವರು ಬಂದು ಹೋದರೆ ಸಾಕು. ಇದನ್ನು ಬೇರೆ ಮಾಡಿಕೊಳ್ಳದೆ ಎಷ್ಟೋ ಮನೆಗಳು ಸುಮ್ನೆ ಜಾಸ್ತಿ ಕೊಡುತ್ತವೆ.

ಎಲ್ಲಕ್ಕಿಂತ ತಪ್ಪು ಲೆಕ್ಕ ರಾತ್ರಿಯದು. ಹೋಮ್ ನರ್ಸ್ ಕಳಿಸುವ ಏಜೆನ್ಸಿಯವರು "24 ಗಂಟೆ ಇರುತ್ತಾರೆ" ಅಂದರೆ 24 ಗಂಟೆ ಎಚ್ಚರ ಇರುತ್ತಾರೆ ಅಂತಲ್ಲ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ, ಅದರ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಹಗಲೂ ರಾತ್ರಿ ಒಬ್ಬರೇ ಇದನ್ನು ಮಾಡಲು ಸಾಧ್ಯವಾ? ನಿದ್ದೆಗೆಟ್ಟು ಅವರು ಬಿಟ್ಟು ಹೋಗುತ್ತಾರೆ, ಆಯಿ ಮತ್ತೆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕು. ಆದ್ದರಿಂದ ರಾತ್ರಿ ಪಾಳಿಗೆ ಮನೆಯವರು ನಿಲ್ಲಬೇಕು, ಇಲ್ಲವೇ ಇನ್ನೊಬ್ಬರ ಸಂಬಳ ಎತ್ತಿಡಬೇಕು. ಎಲ್ಲವನ್ನೂ ಸೊಸೆಯ ತಲೆಗೆ ಕಟ್ಟಿ "ಖರ್ಚೇ ಆಗಲಿಲ್ಲ" ಎನ್ನುವುದು ನ್ಯಾಯವಲ್ಲ.

ಕಾರವಾರ, ಕುಮಟಾ ಪೇಟೆಯಲ್ಲಾದರೆ ಹಗಲಿಗೆ ಮಾತ್ರ ಬಂದು ಹೋಗುವವರು ಸಿಗಬಹುದು. ಬಸ್ಸಿಲ್ಲದ ಊರಿನ, ತೋಟದ ನಡುವಿನ ಒಂಟಿ ಮನೆಗೆ ದಿನಾ ಯಾರು ಬರುತ್ತಾರೆ? ಅಲ್ಲೇ ಉಳಿಯುವವರೇ ಬೇಕು. ಅವರ ಊಟ, ಮಲಗಲು ಜಾಗ, ರಜೆಗೆ ಹೋಗಿಬರುವ ಬಸ್ ಚಾರ್ಜು ನಿಮ್ಮದು.

ಸಂಬಳದ ಆಚೆಗೂ ಖರ್ಚಿದೆ. ಡೈಪರ್ ಒಂದಕ್ಕೆ 40 ರೂಪಾಯಿ ಹಿಡಿದರೂ, ದಿನಕ್ಕೆ 4 ಅಂದರೆ ತಿಂಗಳಿಗೆ 4,800 ರೂಪಾಯಿ. ಬೆನ್ನು ಹುಣ್ಣಾಗದಂತೆ ಹಾಕುವ, ಗಾಳಿ ತುಂಬುವ ಏರ್ ಬೆಡ್‌ಗೆ ಕರೆಂಟ್ ಬೇಕು. ನಮ್ಮ ಮಳೆಗಾಲದಲ್ಲಿ ಇನ್ವರ್ಟರ್ ಇಲ್ಲದೆ ಅದು ನಡೆಯುವುದಿಲ್ಲ.

ಆರೋಗ್ಯ ವಿಮೆ ಇಲ್ಲದ, 60 ದಾಟಿದ ತಂದೆತಾಯಿಯ ವೈದ್ಯಕೀಯ ಖರ್ಚಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಹಾಕುವ ನಿಮ್ಮ ಆದಾಯದಿಂದ ವರ್ಷಕ್ಕೆ 50,000 ರೂಪಾಯಿವರೆಗೆ ಕಳೆಯಬಹುದು. ನಗದು ಕೊಟ್ಟರೆ ಈ ಅನುಕೂಲ ಸಿಗದು, ಬಿಲ್ ಇಟ್ಟುಕೊಳ್ಳಿ.

ಏಜೆನ್ಸಿಗೆ ಅಡ್ವಾನ್ಸ್ ಕೊಡುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ಬಂದವರು ನಡುವೆ ಬಿಟ್ಟರೆ ಎಷ್ಟು ದಿನದಲ್ಲಿ ಬದಲಿ ಕೊಡುತ್ತಾರೆ, ಆಗ ಮತ್ತೆ ಕಮಿಷನ್ ಕೇಳುತ್ತಾರಾ, ನೀವು ಕೊಟ್ಟದ್ದರಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಸೇರುತ್ತದೆ.