ಎದೆನೋವು: ಇಸಿಜಿ ಆದ ಮೇಲೆ ಬೆನ್ನನ್ನೂ ನೋಡಿ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಎದೆಯಲ್ಲಿ ಚಳಕು ಎಂದು ಬರುವವರೂ ಶುರು. ದಿನವಿಡೀ ಕತ್ತೆತ್ತಿ ಉದ್ದನೆಯ ದೋಟಿಯಲ್ಲಿ ಅಡಿಕೆ ಕೊನೆ ಇಳಿಸಿದವರು, ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಬಾಗಿ ಕುಳಿತು ಅಡಿಕೆ ಸುಲಿದವರು. ಕಾರವಾರದ ಕಡೆಯಾದರೆ ರಂಪಣಿ ಬಲೆ ಎಳೆದವರು. ಇವರಲ್ಲಿ ಅನೇಕರ ನೋವು ಪಕ್ಕೆಲುಬಿನ ಕೀಲಿನದೋ ಸ್ನಾಯುವಿನದೋ ಆಗಿರುತ್ತದೆ. ಆದರೆ ಹೃದಯದ ತಪಾಸಣೆಗೆ ಮೊದಲೇ ಹಾಗೆಂದು ಯಾರೂ ತೀರ್ಮಾನಿಸಬಾರದು.

‘ಒತ್ತಿದರೆ ನೋಯುತ್ತದೆ, ಹಾಗಾಗಿ ಹಾರ್ಟಿನದಲ್ಲ’ ಎಂಬ ಮಾತನ್ನು ನಂಬಿ ಕೂರಬೇಡಿ. ಹೃದಯಾಘಾತ ಆದವರಲ್ಲೂ ಕೆಲವರಿಗೆ ಎದೆ ಒತ್ತಿದರೆ ನೋಯುತ್ತದೆ. ಎದೆ ಹಿಂಡಿದಂತಾಗಿ ಬೆವರು, ಉಸಿರುಗಟ್ಟುವಿಕೆ, ವಾಕರಿಕೆ, ದವಡೆಗೋ ತೋಳಿಗೋ ಹರಿಯುವ ನೋವು ಇದ್ದರೆ ಎಣ್ಣೆ ತಿಕ್ಕುತ್ತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಿಗೆ ಇಷ್ಟು ಸ್ಪಷ್ಟ ಲಕ್ಷಣ ಬರದೆಯೂ ಇರಬಹುದು. ಮೊದಲ ಇಸಿಜಿ ಸರಿ ಇದ್ದರೂ ವೈದ್ಯರು ಕೆಲವು ತಾಸು ಇರಿಸಿಕೊಂಡು ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಈ ಅಂಶ ಕಾಣಿಸಲು ಕೆಲವು ತಾಸು ಬೇಕಾಗಬಹುದು. ಮನೆಯಲ್ಲಿ ಕೆಲಸವಿದೆ ಎಂದು ನಡುವೆ ಎದ್ದು ಬರಬೇಡಿ.

ಹೃದಯ, ಶ್ವಾಸಕೋಶ ಸರಿಯಿದೆ ಎಂದಾದ ಮೇಲೆ, ಕೀಲು-ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವ ನಮ್ಮ ಕೆಲಸ. ನಮ್ಮಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಮೇಲಿನ 7 ಜೊತೆ ಮೃದ್ವಸ್ಥಿಯ (ಮೆತ್ತನೆಯ ಎಲುಬು, ಕಾರ್ಟಿಲೇಜ್) ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಈ ಸೇರುವ ಜಾಗ ಕೆರಳುವುದೇ ಕಾಸ್ಟೋಕಾಂಡ್ರೈಟಿಸ್. ಸಾಮಾನ್ಯವಾಗಿ 2ರಿಂದ 5ನೇ ಪಕ್ಕೆಲುಬಿನವರೆಗೆ ಒಂದೇ ಬದಿಗೆ ಇರುತ್ತದೆ, ಊತ ಇರುವುದಿಲ್ಲ. 2 ಅಥವಾ 3ನೇ ಪಕ್ಕೆಲುಬಿನ ಹತ್ತಿರ ಕಣ್ಣಿಗೆ ಕಾಣುವಷ್ಟು ಊದಿಕೊಂಡಿದ್ದರೆ ಅದು ಟೀಟ್ಜ್ ಸಿಂಡ್ರೋಮ್ ಇರಬಹುದು.

ಹೆಚ್ಚಿನವರು ಗಮನಿಸದೆ ಬಿಡುವುದು ಹಿಂಭಾಗವನ್ನು. ಪ್ರತಿ ಪಕ್ಕೆಲುಬೂ ಹಿಂದೆ ಬೆನ್ನುಮೂಳೆಗೆ ಕೀಲಿನಿಂದ ಸೇರಿದೆ. ತಾಸುಗಟ್ಟಲೆ ಬಾಗಿ ಕುಳಿತರೆ ಆ ಕೀಲುಗಳು ಬಿಗಿಯುತ್ತವೆ, ಉಸಿರಿನ ಎಳೆತ ಮುಂದಿನ ಮೃದ್ವಸ್ಥಿಯ ಮೇಲೆ ಹೆಚ್ಚು ಬೀಳಬಹುದು. ಹಾಗಾದಾಗ ನೋವು ಮುಂದೆ, ಬಿಗಿತ ಹಿಂದೆ. ಸ್ಟೂಲಿನ ಮೇಲೆ ಕೂರಿಸಿ, ಕೈಕಟ್ಟಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತೇವೆ. ಒಂದು ಬದಿಗೆ ತಿರುಗುವಾಗ ಅದೇ ಚಳಕು ಬಂದು, ಭುಜದ ಹಲಗೆಯ ಒಳಅಂಚಿನ ಹತ್ತಿರ ಬೆರಳಿಟ್ಟಾಗ ‘ಹಾಂ, ಇದೇ’ ಎಂದರೆ ದಾರಿ ಸಿಕ್ಕಂತೆ. ಮುಟ್ಟಿದರೆ ಚರ್ಮವೇ ಉರಿಯುತ್ತಿದ್ದರೆ ಸರ್ಪಸುತ್ತು ಇರಬಹುದು. ಗುಳ್ಳೆ ಏಳುವುದಕ್ಕೆ ಕೆಲವು ದಿನ ಮೊದಲೇ ನೋವು ಬರುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಬೋರಲು ಮಲಗಿಸಿ, ಉಸಿರು ಹೊರಬಿಡುವಾಗ ಆ ಪಕ್ಕೆಲುಬನ್ನು ಅಂಗೈಯಿಂದ ಮೆಲ್ಲನೆ ಒತ್ತಿ ಬಿಡುತ್ತೇವೆ. ಕೈರೋಪ್ರಾಕ್ಟಿಕ್‌ನ (ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸಾ ಪದ್ಧತಿ) ವೇಗದ ತಳ್ಳುವಿಕೆ ಎಲ್ಲರಿಗೂ ಬೇಕಿಲ್ಲ. ‘ಟಕ್’ ಎಂದರೆ ಮೂಳೆ ಜಾಗಕ್ಕೆ ಕೂತಿತು ಎಂದಲ್ಲ, ಅದು ಕೀಲಿನ ದ್ರವದಲ್ಲಿನ ಅನಿಲದ ಸದ್ದು. ಮೂಳೆ ಸವೆದ ವಯಸ್ಸಾದವರಿಗೆ, ವರ್ಷಗಟ್ಟಲೆ ಸ್ಟೀರಾಯ್ಡ್ ತಿಂದವರಿಗೆ, ಬಿದ್ದು ಪೆಟ್ಟಾದವರಿಗೆ, ಕ್ಯಾನ್ಸರ್ ಇದ್ದವರಿಗೆ ಈ ತಳ್ಳುವಿಕೆ ಕೂಡದು, ಪಕ್ಕೆಲುಬು ಮುರಿಯಬಹುದು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮೊದಲೇ ಹೇಳಿ. ಈ ನೋವಿಗೆ ಕೈಚಿಕಿತ್ಸೆಯ ಕುರಿತ ಸಂಶೋಧನೆ ಇನ್ನೂ ಕಡಿಮೆ, ಹಾಗಾಗಿ ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ಮೂರ್ನಾಲ್ಕು ಸಲಕ್ಕೆ ಏನೂ ಬದಲಾಗದಿದ್ದರೆ ಕಾರಣವನ್ನೇ ಮತ್ತೆ ಹುಡುಕಬೇಕು.

ಮನೆಯಲ್ಲಿ: ಟವೆಲನ್ನು ನಾಲ್ಕು ಇಂಚು ದಪ್ಪಕ್ಕೆ ಸುತ್ತಿ, ಭುಜದ ಹಲಗೆಗಳ ಮಟ್ಟದಲ್ಲಿ ಬೆನ್ನಿಗೆ ಅಡ್ಡ ಇಟ್ಟು, ಮೊಣಕಾಲು ಮಡಚಿ ಎರಡು ನಿಮಿಷ ಅಂಗಾತ ಮಲಗಿ. ತಲೆ ಜೋತುಬೀಳದಂತೆ ಕೆಳಗೆ ದಿಂಬಿರಲಿ. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಎದೆ ಹಿಗ್ಗಿಸುವ ವ್ಯಾಯಾಮ ಒಳ್ಳೆಯದೇ, ಆದರೆ ನೋವು ಜೋರಿರುವ ಮೊದಲ ವಾರ ಬೇಡ, ಕೆರಳಿದ ಮೃದ್ವಸ್ಥಿಯನ್ನು ಇನ್ನಷ್ಟು ಎಳೆಯುತ್ತದೆ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವುದಂತೂ ಬೇಡವೇ ಬೇಡ. ಉಸಿರು ಮೇಲುಮೇಲಾಗಿ ಕಫ ಕಟ್ಟಿಕೊಳ್ಳುತ್ತದೆ.

ಅಡಿಕೆ ಸುಲಿಯುವವರು ಅರ್ಧ ತಾಸಿಗೊಮ್ಮೆ ಎದ್ದು ಕೈ ಮೇಲೆತ್ತಿ ಹತ್ತು ಸಲ ಆಳವಾಗಿ ಉಸಿರಾಡಿ. ದೋಟಿ ಹಿಡಿಯುವವರು ಕೆಲವು ಮರಕ್ಕೊಮ್ಮೆ ಅದನ್ನು ಇಳಿಸಿ ಕತ್ತು ಕೆಳಗೆ ಮಾಡಿ. ನೋವಿನ ಜೊತೆ ಜ್ವರ, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲಿಗೆ ಬಾವು ಬಂದರೆ ಅಥವಾ ಏರು ಹತ್ತುವಾಗಲೆಲ್ಲ ನೋವು ಬಂದು ನಿಂತರೆ ಹೋದರೆ, ನಮ್ಮ ಟೇಬಲ್ಲಿಗಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.