ಬಿಟ್ ಯಾಕೆ ಸತ್ತಿತು: ಎಣ್ಣೆಬಾವಿ ಕೊರೆಯುವ ಬಿಟ್ ವಿನ್ಯಾಸದ ಅಧ್ಯಯನ ಟಿಪ್ಪಣಿ

ಬಾವಿಯಿಂದ ಮೇಲೆ ಬಂದ ಬಿಟ್ (ಕೊಳವೆಯ ತುದಿಗೆ ಕೂರಿಸಿದ, ಕಲ್ಲು ಕೊರೆಯುವ ತಲೆ) ನೋಡುವುದಕ್ಕೂ ಒಂದು ಕ್ರಮ ಇದೆ. ಮೊದಲು ನೀರು ಹೊಡೆದು ಮಡ್ (ಕೊರೆಯುವಾಗ ಬಾವಿಯಲ್ಲಿ ತುಂಬಿರುವ ಕೆಸರಿನಂಥ ದ್ರವ) ತೊಳೆಯಬೇಕು. ಆಮೇಲೆ ಬಿಟ್‌ನ ಹೊರ ಅಳತೆಗೆ ಸರಿಯಾಗಿ ಮಾಡಿದ ಉಕ್ಕಿನ ಬಳೆಯೊಂದನ್ನು ಅದರ ಮೇಲೆ ಇಳಿಸಬೇಕು. ಇದಕ್ಕೆ ರಿಂಗ್ ಗೇಜ್ ಅಂತಾರೆ. ಬಳೆ ಸಡಿಲವಾಗಿ ಅಲ್ಲಾಡಿದರೆ ಬಿಟ್ ಸುತ್ತಲೂ ಸವೆದಿದೆ, ಬಾವಿಯ ತಳಭಾಗ ಕಿರಿದಾಗಿದೆ, ಇಳಿಯುವ ಹೊಸ ಬಿಟ್ ಅಲ್ಲಿ ಸಿಕ್ಕಿಕೊಳ್ಳುವ ಭಯ ಇದೆ ಎಂದರ್ಥ. ಕೊನೆಗೆ ಟಾರ್ಚ್ ಹಿಡಿದು ಒಂದೊಂದೇ ಕಟರ್ (ಕಲ್ಲು ಕತ್ತರಿಸುವ ಹಲ್ಲು) ನೋಡುತ್ತಾ, ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯಬೇಕು. ಉಗುರು ನುಣ್ಣಗೆ ಜಾರಿದರೆ ಒಂದು ಕಥೆ, ತಡೆದು ನಿಂತರೆ ಬೇರೆ ಕಥೆ.

ಪಠ್ಯಪುಸ್ತಕಗಳು ಬಿಟ್ ವಿನ್ಯಾಸವನ್ನು ಕಲ್ಲಿನ ಗುಣದಿಂದ ಶುರು ಮಾಡುತ್ತವೆ. ನಾನು ಕಲಿತದ್ದು ಉಲ್ಟಾ ದಾರಿಯಲ್ಲಿ, ಸತ್ತ ಬಿಟ್‌ನ ಮರಣೋತ್ತರ ಪರೀಕ್ಷೆಯಿಂದ. ಈ ಟಿಪ್ಪಣಿಯೂ ಅದೇ ದಾರಿ ಹಿಡಿಯುತ್ತದೆ.

ಪರೀಕ್ಷೆಯ ಫಲಿತಾಂಶವನ್ನು ಎಂಟು ಮನೆಗಳ ಒಂದು ಸಂಕೇತದಲ್ಲಿ ಬರೆಯುತ್ತಾರೆ. ಜಗತ್ತಿನಲ್ಲಿ ಬಾವಿ ಕೊರೆಯುವ ಯಾವ ರಿಗ್‌ಗೆ ಹೋದರೂ ಇದೇ ಭಾಷೆ. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: 1–3–ಸಿಟಿ–ಎಸ್–ಎಕ್ಸ್–ಐ–ಡಬ್ಲ್ಯೂಟಿ–ಪಿಆರ್. ಮೊದಲ ಎರಡು ಅಂಕಿ ಒಳಗಿನ ಮತ್ತು ಹೊರಗಿನ ಕಟರ್‌ಗಳ ಸವೆತ. 0 ಅಂದರೆ ಹೊಸದರಂತೆ, 8 ಅಂದರೆ ಏನೂ ಉಳಿದಿಲ್ಲ. ಮೂರನೆಯದು ಮುಖ್ಯ ಗಾಯ: ಸಿಟಿ ಅಂದರೆ ಚಕ್ಕೆ ಎದ್ದಿದೆ, ಡಬ್ಲ್ಯೂಟಿ ಅಂದರೆ ಸವೆದಿದೆ, ಬಿಟಿ ಅಂದರೆ ಮುರಿದಿದೆ, ಎನ್‌ಒ ಅಂದರೆ ಹೇಳುವಂಥದ್ದೇನೂ ಇಲ್ಲ. ನಾಲ್ಕನೆಯದು ಗಾಯದ ಜಾಗ. ಎಸ್ ಅಂದರೆ ಭುಜ (ಬಿಟ್‌ನ ಮುಖ ಹೊರ ಅಂಚಿನ ಕಡೆ ಬಾಗುವ ಜಾಗ), ಎ ಅಂದರೆ ಎಲ್ಲ ಕಡೆ. ಐದನೆಯದು ಬೇರಿಂಗ್‌ನ ಸ್ಥಿತಿ. ತಿರುಗುವ ಕೋನ್ ಇಲ್ಲದ ಬಿಟ್‌ಗೆ ಬೇರಿಂಗೇ ಇಲ್ಲ, ಹಾಗಾಗಿ ಅಲ್ಲಿ ಎಕ್ಸ್. ಆರನೆಯದು ರಿಂಗ್ ಗೇಜ್ ಹೇಳಿದ ಮಾತು: ಐ ಅಂದರೆ ಅಳತೆ ಸರಿಯಾಗಿದೆ. ಏಳನೆಯದು ಎರಡನೇ ಗಾಯ. ಎಂಟನೆಯದು ಬಿಟ್ ಎತ್ತಿದ ಕಾರಣ: ಪಿಆರ್ ಅಂದರೆ ವೇಗ ಬಿದ್ದುಹೋಯಿತು, ಟಿಡಿ ಅಂದರೆ ಗುರಿಯ ಆಳ ಮುಟ್ಟಿತು.

ಅಂದರೆ ನನ್ನ ಬಿಟ್ ಭುಜದಲ್ಲಿ ಚಕ್ಕೆ ಎದ್ದು ಸತ್ತಿತ್ತು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗೋಣ.

ಕೆರೆಯುವುದು, ಕುಟ್ಟುವುದು, ಮತ್ತೆ ಕೆರೆಯುವುದು

1900ರ ಸುಮಾರಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ರೋಟರಿ ರಿಗ್‌ಗಳು ಬಳಸುತ್ತಿದ್ದದ್ದು ಮೀನಿನ ಬಾಲದಂತೆ ಕವಲೊಡೆದ ಉಕ್ಕಿನ ಅಲಗು. ಮೆತ್ತನೆ ಮಣ್ಣು, ಮರಳಿಗೆ ಅದು ಚೆನ್ನಾಗಿತ್ತು. ಕಲ್ಲು ಸಿಕ್ಕರೆ ಮೊಂಡಾಗಿ ನಿಲ್ಲುತ್ತಿತ್ತು. 1909ರಲ್ಲಿ ಹೋವರ್ಡ್ ಹ್ಯೂಸ್ ಸೀನಿಯರ್ ಹಲ್ಲುಗಳಿರುವ ಎರಡು ಕೋನ್‌ಗಳು ಉರುಳುತ್ತಾ ಕಲ್ಲನ್ನು ಪುಡಿಗಟ್ಟುವ ಬಿಟ್‌ಗೆ ಪೇಟೆಂಟ್ ಪಡೆದ. ಗೂಸ್ ಕ್ರೀಕ್ ಎಂಬಲ್ಲಿ ಅದು 11 ಗಂಟೆಯಲ್ಲಿ 14 ಅಡಿ ಗಟ್ಟಿ ಕಲ್ಲು ಕೊರೆಯಿತು. ಈಗ ಕೇಳಿದರೆ ನಗು ಬರುತ್ತದೆ, ಆದರೆ ಅಲ್ಲಿಯವರೆಗೆ ಆ ಕಲ್ಲು ಜಗ್ಗಿರಲೇ ಇಲ್ಲ. (ಮಗ ಹೋವರ್ಡ್ ಹ್ಯೂಸ್ ಸಿನಿಮಾಕ್ಕೂ ವಿಮಾನಕ್ಕೂ ಸುರಿದ ದುಡ್ಡಿನ ಮೂಲ ಈ ಬಿಟ್.) 1933ರಲ್ಲಿ ಅದೇ ಕಂಪನಿಯ ಎಂಜಿನಿಯರುಗಳು ಮೂರು ಕೋನ್‌ಗಳ ಬಿಟ್ ತಂದರು. ಮುಂದಿನ ಅರ್ಧ ಶತಮಾನ ಅದರದ್ದೇ ಕಾರುಬಾರು.

ಎಪ್ಪತ್ತರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಪಿಡಿಸಿ ಎಂಬ ಬಿಲ್ಲೆಯನ್ನು ಮಾರುಕಟ್ಟೆಗೆ ತಂದಿತು. ಟಂಗ್‌ಸ್ಟನ್ ಕಾರ್ಬೈಡ್‌ನ ಗುಂಡನೆಯ ತುಂಡು, ಅದರ ತಲೆಯ ಮೇಲೆ ಕೃತಕ ವಜ್ರದ ಕಣಗಳನ್ನು ಭಾರೀ ಒತ್ತಡ ಮತ್ತು ಶಾಖದಲ್ಲಿ ಬೆಸೆದ ತೆಳು ಪದರ. ಇದನ್ನು ಸ್ಥಿರವಾದ ಬ್ಲೇಡ್‌ಗಳಲ್ಲಿ ಸಾಲಾಗಿ ಕೂರಿಸಿದರೆ ತಿರುಗುವ ಭಾಗವೇ ಬೇಡ. ಮೀನಬಾಲದ ಕೆರೆಯುವ ತತ್ವವೇ ವಜ್ರ ತೊಟ್ಟು ವಾಪಸ್ ಬಂತು.

ಕೆರೆಯುವುದು ಯಾಕೆ ಲಾಭ? ಕೊಬ್ಬರಿಯನ್ನು ಒರಳಲ್ಲಿ ಹಾಕಿ ಕುಟ್ಟುವುದಕ್ಕೂ ತುರಿಮಣೆಯಲ್ಲಿ ತುರಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ಕತ್ತರಿಸುವ ಬಲಕ್ಕೆ ಬೇಗ ಸೋಲುತ್ತದೆ. ಕೋನ್ ಬಿಟ್ ಕಲ್ಲಿನ ಬಲವಾದ ಕಡೆಗೆ ಹೋಗಿ ಹೊಡೆದಾಡುತ್ತದೆ, ಪಿಡಿಸಿ ದುರ್ಬಲ ಕಡೆಯಿಂದ ಒಳಗೆ ನುಗ್ಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಕ್ಲಾಸಿನಲ್ಲಿ ನಾನೂ ಕೇಳಿದ್ದೆ. ನಮ್ಮೂರಿಗೆ ಬರುವ ಬೋರ್‌ವೆಲ್ ಲಾರಿ ಗ್ರಾನೈಟನ್ನೇ ಕೊರೆಯುತ್ತದಲ್ಲ, ಆ ಬಟನ್ ಬಿಟ್ ಇಲ್ಲಿ ಯಾಕಾಗದು? ಬೋರ್‌ವೆಲ್‌ನಲ್ಲಿ ಕೊಳವೆಯ ತುದಿಯ ಹ್ಯಾಮರ್ ಗಾಳಿಯ ಒತ್ತಡದಿಂದ ಬಡಿಯುತ್ತದೆ, ಅದೇ ಗಾಳಿ ಪುಡಿಯನ್ನೂ ಮೇಲಕ್ಕೆ ಊದುತ್ತದೆ. ಎಣ್ಣೆಬಾವಿಯಲ್ಲಿ ಬಾವಿಯ ತುಂಬ ಭಾರವಾದ ಮಡ್ ಇರಲೇಬೇಕು. ಕೆಳಗಿನ ಎಣ್ಣೆ, ಗ್ಯಾಸು ನುಗ್ಗಿ ಬರದಂತೆ ಅದುಮಿ ಹಿಡಿಯುವುದು ಆ ಮಡ್‌ನ ತೂಕ. ಬರೀ ಗಾಳಿಗೆ ಆ ತಾಕತ್ತಿಲ್ಲ.

ಶಕ್ತಿಯ ಲೆಕ್ಕ

ಪರೀಕ್ಷೆಗೆ ಇದೊಂದನ್ನು ಚೆನ್ನಾಗಿ ತಿಳಿದುಕೊಳ್ಳಿ. 1965ರಲ್ಲಿ ಟೀಲ್ ಎಂಬವರು ಕೊಟ್ಟ ಕಲ್ಪನೆ: ಒಂದು ಘನ ಮೀಟರ್ ಕಲ್ಲು ತೆಗೆಯಲು ಎಷ್ಟು ಯಾಂತ್ರಿಕ ಶಕ್ತಿ ಖರ್ಚಾಯಿತು? ಸೂತ್ರ ಬಾಯಿಪಾಠ ಮಾಡುವ ಬದಲು ಲೆಕ್ಕ ಹಾಕಿ ನೋಡೋಣ.

ಎಂಟೂವರೆ ಇಂಚಿನ ಬಿಟ್, ತಳದ ವಿಸ್ತೀರ್ಣ 0.0366 ಚದರ ಮೀಟರ್. ಮೇಲಿನ ತೂಕ 9 ಟನ್, ಅಂದರೆ ಸುಮಾರು 88 ಕಿಲೋನ್ಯೂಟನ್. ನಿಮಿಷಕ್ಕೆ 120 ಸುತ್ತು, ಸೆಕೆಂಡಿಗೆ 2. ಟಾರ್ಕ್, ಅಂದರೆ ತಿರುಗಿಸುವ ಬಲ, 5.4 ಕಿಲೋನ್ಯೂಟನ್ ಮೀಟರ್. ಗಂಟೆಗೆ 18 ಮೀಟರ್ ಇಳಿಯುತ್ತಿದೆ, ಅಂದರೆ ಸೆಕೆಂಡಿಗೆ 5 ಮಿಲಿಮೀಟರ್. ತೂಕ ಮಾಡುವ ಕೆಲಸ 88,000 ಗುಣಿಸು 0.005, ಬರೀ 440 ವ್ಯಾಟ್. ತಿರುಗುವಿಕೆ ಮಾಡುವ ಕೆಲಸ 2 ಗುಣಿಸು ಪೈ ಗುಣಿಸು 2 ಗುಣಿಸು 5,400, ಸುಮಾರು 68 ಕಿಲೋವ್ಯಾಟ್. ಒಂಬತ್ತು ಟನ್ ಭಾರ ಹೇರಿ ಕೂತಿದ್ದರೂ ದುಡಿಯುವುದೆಲ್ಲ ಟಾರ್ಕೇ! ತೂಕದ ಕೆಲಸ ಕಟರ್ ಕಲ್ಲಿಗೆ ಕಚ್ಚಿಕೊಂಡಿರುವಂತೆ ನೋಡಿಕೊಳ್ಳುವುದು.

ಸೆಕೆಂಡಿಗೆ ಹೊರಬರುವ ಕಲ್ಲು 0.183 ಲೀಟರ್, ಒಂದು ಸಣ್ಣ ಲೋಟದಷ್ಟು. 68 ಕಿಲೋವ್ಯಾಟನ್ನು ಇದರಿಂದ ಭಾಗಿಸಿದರೆ ಘನ ಮೀಟರಿಗೆ ಸುಮಾರು 371 ಮೆಗಾಜೂಲ್. ಇದನ್ನೇ 371 ಮೆಗಾಪ್ಯಾಸ್ಕಲ್ ಅಂತಲೂ ಹೇಳಬಹುದು, ಏಕಮಾನ ಒಂದೇ. ಹಾಗಾಗಿ ಈ ಅಂಕಿಯನ್ನು ನೇರವಾಗಿ ಕಲ್ಲಿನ ಗಟ್ಟಿತನದ ಪಕ್ಕ ಇಟ್ಟು ನೋಡಬಹುದು. ಚೆನ್ನಾಗಿ ಕೊರೆಯುತ್ತಿರುವಾಗಲೂ ಖರ್ಚಾದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಲ್ಲಿಗೆ ಸಲ್ಲುತ್ತದೆ ಎಂಬುದು ರೂಢಿಯ ಅಂದಾಜು.

ಈಗ ಟಾರ್ಕ್, ಸುತ್ತು ಎಲ್ಲ ಹಾಗೇ ಇದ್ದು ವೇಗ ಮಾತ್ರ ಗಂಟೆಗೆ 6 ಮೀಟರಿಗೆ ಬಿತ್ತು ಅನ್ನಿ. ಅದೇ 68 ಕಿಲೋವ್ಯಾಟ್ ಒಳಗೆ ಹೋಗುತ್ತಿದೆ, ಹೊರಬರುವ ಕಲ್ಲು ಮೂರನೇ ಒಂದು ಭಾಗ. ಲೆಕ್ಕ 1,100 ದಾಟುತ್ತದೆ. ಕಲ್ಲು ನಿಜವಾಗಿಯೂ ಮೂರು ಪಟ್ಟು ಗಟ್ಟಿಯಾಗದೆ ಹೀಗಾದರೆ, ಉಳಿದ ಶಕ್ತಿ ಶಾಖವಾಗಿದೆ ಅಥವಾ ಕಂಪನವಾಗಿದೆ. ಎರಡೂ ಕಟರ್‌ಗೆ ಯಮನೇ. (ಎಚ್ಚರಿಕೆ: ರಿಗ್ ಮೇಲೆ ಅಳೆದ ಟಾರ್ಕ್‌ನಲ್ಲಿ ಕೊಳವೆ ಬಾವಿಯ ಗೋಡೆಗೆ ಉಜ್ಜುವ ಪಾಲೂ ಸೇರಿರುತ್ತದೆ. ಬಾಗಿದ ಬಾವಿಗಳಲ್ಲಿ ಆ ಅಂಕಿ ನಂಬಿ ಬಿಟ್‌ಗೆ ಬೈಯಬೇಡಿ.)

ಶಾಖ, ಕಂಪನ

ವಜ್ರದ ಕಣಗಳ ನಡುವೆ ಬೆಸುಗೆಗೆ ನೆರವಾದ ಕೋಬಾಲ್ಟ್ ಉಳಿದುಕೊಂಡಿರುತ್ತದೆ. ಬಿಸಿಯಾದಾಗ ಕೋಬಾಲ್ಟ್ ವಜ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪದರ ಒಳಗಿನಿಂದಲೇ ಬಿರಿಯುತ್ತದೆ. ಹುಟ್ಟಿಸಿದವನೇ ಕೊಲ್ಲುವ ಕಥೆ ಇದು. ಪರಿಹಾರವಾಗಿ ಮೇಲಿನ ತೆಳು ಪದರದ ಕೋಬಾಲ್ಟನ್ನು ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಒಂದೇ ಬಿಟ್‌ನಲ್ಲೂ ಶಾಖ ಸಮನಾಗಿ ಹಂಚಿರುವುದಿಲ್ಲ. ಮೇಲಿನ ಲೆಕ್ಕದ ಬಿಟ್‌ನಲ್ಲಿ ಮಧ್ಯದಿಂದ 2 ಸೆಂಟಿಮೀಟರ್ ದೂರದ ಕಟರ್ ಸೆಕೆಂಡಿಗೆ 25 ಸೆಂಟಿಮೀಟರ್ ಓಡಿದರೆ, ಹೊರ ಅಂಚಿನದು 1.36 ಮೀಟರ್ ಓಡುತ್ತದೆ. ಭುಜವೇ ಮೊದಲು ಸವೆಯುವುದಕ್ಕೆ ಇದೇ ಕಾರಣ.

ಕಂಪನದ ಕಥೆ ಇನ್ನೂ ಸ್ವಾರಸ್ಯ. ಮೊದಮೊದಲು ಪಿಡಿಸಿ ಬಿಟ್‌ಗಳು ಸ್ವಲ್ಪ ಗಟ್ಟಿ ಕಲ್ಲು ಸಿಕ್ಕರೂ ಚೂರಾಗುತ್ತಿದ್ದವು. ವಜ್ರಕ್ಕೆ ಕಲ್ಲು ಹೆಚ್ಚಾಯಿತು ಅಂದುಕೊಂಡರು. 1989ರಲ್ಲಿ ಅಮೋಕೋ ಕಂಪನಿಯ ಸಂಶೋಧಕರು ಬೇರೆಯೇ ಕಾರಣ ತೋರಿಸಿದರು: ಬಿಟ್ ತನ್ನ ನಡುಬಿಂದುವಿನ ಮೇಲೆ ತಿರುಗುತ್ತಲೇ ಇಲ್ಲ. ಅದರ ಪಕ್ಕ ಬಾವಿಗೋಡೆಗೆ ಕಚ್ಚಿಕೊಂಡು, ಗೋಡೆಯ ಗುಂಟ ಉರುಳುತ್ತಾ ಸುತ್ತುತ್ತದೆ. ಆಗ ಕಟರ್‌ಗಳು ಅಡ್ಡಕ್ಕೂ ಹಿಂದಕ್ಕೂ ಬಡಿಸಿಕೊಳ್ಳುತ್ತವೆ. ಸವೆತಕ್ಕೆ ವಜ್ರದಷ್ಟು ಗಟ್ಟಿಗ ಇಲ್ಲ, ಏಟಿಗೆ ಮಾತ್ರ ಅದು ಗಾಜಿನ ಬಳೆ. ಬಿಟ್‌ನ ಈ ಉರುಳಾಟಕ್ಕೆ ವರ್ಲ್ ಅಂತ ಹೆಸರು. ಅವರು ಸೂಚಿಸಿದ ಮದ್ದು ತಲೆಕೆಳಗಾದಂತೆ ಕಾಣುತ್ತದೆ: ಕಟರ್‌ಗಳ ಅಡ್ಡಬಲವನ್ನು ಬೇಕೆಂದೇ ಒಂದು ಪಕ್ಕಕ್ಕೆ ತಳ್ಳಿ, ಆ ಪಕ್ಕದಲ್ಲಿ ಕಚ್ಚದೆ ಜಾರುವ ನುಣುಪು ಪ್ಯಾಡ್ ಇಡುವುದು. ಒರಗಲು ಗೋಡೆ ಸಿಕ್ಕಮೇಲೆ ಅಲೆದಾಟ ನಿಲ್ಲುತ್ತದೆ.

ಇದರ ಜೊತೆಗೆ ಸ್ಟಿಕ್-ಸ್ಲಿಪ್ ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲಿ ಬಿಟ್ ಕಲ್ಲಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ, ಮೇಲಿನಿಂದ ಕೊಳವೆ ಸ್ಪ್ರಿಂಗ್‌ನಂತೆ ಹುರಿಗೊಳ್ಳುತ್ತದೆ, ಆಮೇಲೆ ಬಿಟ್ ತಟ್ಟನೆ ಬಿಡಿಸಿಕೊಂಡು ಗಿರಗಿರ ಸುತ್ತುತ್ತದೆ. ರಿಗ್‌ನಲ್ಲಿ ವರ್ಲ್‌ಗೆ ಸುತ್ತು ಇಳಿಸಿ ತೂಕ ಏರಿಸುತ್ತಾರೆ, ಸ್ಟಿಕ್-ಸ್ಲಿಪ್‌ಗೆ ತೂಕ ಇಳಿಸಿ ಸುತ್ತು ಏರಿಸುತ್ತಾರೆ. ಒಂದರ ಔಷಧ ಇನ್ನೊಂದಕ್ಕೆ ವಿಷ.

ವಿನ್ಯಾಸಕನ ಕೈಯಲ್ಲಿ ಏನಿದೆ

ಕಟರ್‌ನ ಓರೆ ಮೊದಲನೆಯದು. ಗೋಡೆಯ ಹಳೇ ಸುಣ್ಣ ಕೆರೆಯುವಾಗ ತಗಡನ್ನು ನೆಟ್ಟಗೆ ಹಿಡಿದರೆ ಕಚ್ಚುತ್ತದೆ, ಒರಗಿಸಿ ಎಳೆದರೆ ಜಾರುತ್ತದೆ. ಇಲ್ಲೂ ಹಾಗೇ. 10–15 ಡಿಗ್ರಿ ಓರೆ ಇದ್ದರೆ ವೇಗ ಹೆಚ್ಚು, ಏಟು ತಡೆಯುವ ಶಕ್ತಿ ಕಮ್ಮಿ. 20 ದಾಟಿಸಿದರೆ ಆಯುಸ್ಸು ಹೆಚ್ಚು, ವೇಗ ಕಮ್ಮಿ. ಎರಡನೆಯದು ಕಟರ್‌ನ ಗಾತ್ರ ಮತ್ತು ಬ್ಲೇಡ್‌ನ ಸಂಖ್ಯೆ. 19 ಮಿಲಿಮೀಟರ್ ಕಟರ್, ಐದು ಬ್ಲೇಡ್: ಮೆತ್ತನೆ ಕಲ್ಲಿಗೆ ಓಟಗಾರ. 13 ಮಿಲಿಮೀಟರ್, ಏಳೆಂಟು ಬ್ಲೇಡ್: ಗಟ್ಟಿ ಕಲ್ಲಿಗೆ ಎತ್ತಿನಗಾಡಿ.

ಹಾಗಾದರೆ ಗಟ್ಟಿಮುಟ್ಟಾದದ್ದನ್ನೇ ಯಾವಾಗಲೂ ಇಳಿಸಬಾರದೇಕೆ? ಬ್ಲೇಡ್ ಹೆಚ್ಚಾದಷ್ಟೂ ನಡುವಿನ ಕಾಲುವೆ ಕಿರಿದಾಗುತ್ತದೆ. ಗುಜರಾತಿನ ಕ್ಯಾಂಬೆ ಕಣಿವೆಯಂಥ ಕಡೆ ದಪ್ಪ ಶೇಲ್ (ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲು) ಪದರಗಳಿವೆ. ಅಂಟು ಶೇಲ್‌ನಲ್ಲಿ ಪುಡಿ ಕಾಲುವೆಗೆ ಮೆತ್ತಿಕೊಂಡು, ಬಿಟ್ ಕೋಲಿಗೆ ಮುದ್ದೆ ಹತ್ತಿದಂತಾಗಿ ಕೊರೆಯುವುದೇ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಅಗಲ ಕಾಲುವೆ, ಗುರಿಯಿಟ್ಟು ಮಡ್ ಚಿಮ್ಮುವ ನಾಝಲ್. ಆ ಶೇಲ್ ಎಲ್ಲ ಮುಗಿದ ಮೇಲೆ ತಳದಲ್ಲಿ ಸಿಗುವುದು ದಖ್ಖನ್ ಟ್ರ್ಯಾಪ್‌ನ ಕರಿಕಲ್ಲು. ನಮ್ಮ ಬೆಳಗಾವಿ, ವಿಜಯಪುರ, ಬೀದರ್ ಕಡೆ ನೆಲದ ಮೇಲೇ ಕಾಣುವ ಅದೇ ಬಸಾಲ್ಟ್! ಒಂದೇ ಬಾವಿಯಲ್ಲಿ ಮುದ್ದೆಯೂ ಇದೆ, ಬಂಡೆಯೂ ಇದೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಬಿಟ್‌ನ ಬೆಲೆಗೆ, ಕೊರೆದ ಹೊತ್ತು ಮತ್ತು ಕೊಳವೆ ಎತ್ತಿ ಇಳಿಸಿದ ಹೊತ್ತಿನ ರಿಗ್ ಬಾಡಿಗೆ ಸೇರಿಸಿ, ಕೊರೆದ ಮೀಟರಿನಿಂದ ಭಾಗಿಸಿ. ಅಭ್ಯಾಸಕ್ಕಾಗಿ ಬಾಡಿಗೆ ಗಂಟೆಗೆ 1.5 ಲಕ್ಷ ರೂಪಾಯಿ, ಎತ್ತಿ ಇಳಿಸಲು 16 ಗಂಟೆ ಎಂದಿಟ್ಟುಕೊಳ್ಳಿ. 5 ಲಕ್ಷದ ಬಿಟ್ 20 ಗಂಟೆಯಲ್ಲಿ 200 ಮೀಟರ್ ಕೊರೆದರೆ ಮೀಟರಿಗೆ 29,500. 20 ಲಕ್ಷದ ಬಿಟ್ 40 ಗಂಟೆಯಲ್ಲಿ 700 ಮೀಟರ್ ಕೊರೆದರೆ ಸುಮಾರು 14,860. ನಾಲ್ಕು ಪಟ್ಟು ಬೆಲೆ, ಅರ್ಧ ಖರ್ಚು. ಆದರೆ ಅದೇ ದುಬಾರಿ ಬಿಟ್ 9 ಗಂಟೆಗೆ, 150 ಮೀಟರಿಗೇ ಸತ್ತರೆ? ಮೀಟರಿಗೆ 38,000 ದಾಟುತ್ತದೆ.

ನನ್ನದು ಸತ್ತದ್ದು ಹೆಚ್ಚು ಕಮ್ಮಿ ಹಾಗೇ. ಶೇಲ್ ಇದೆ ಅಂತ ಐದು ಬ್ಲೇಡ್, 19 ಮಿಲಿಮೀಟರ್, 15 ಡಿಗ್ರಿ ಆರಿಸಿದ್ದೆ. ನಡುನಡುವೆ ತೆಳುವಾದ ಗಟ್ಟಿ ಪಟ್ಟಿಗಳಿರುವುದು ಪಕ್ಕದ ಬಾವಿಯ ದಾಖಲೆಯಲ್ಲಿತ್ತು, ನಾನು ಸರಾಸರಿ ನೋಡಿ ಸುಮ್ಮನಾಗಿದ್ದೆ. ಮಧ್ಯದ ಕಟರ್‌ಗಳು ಗಟ್ಟಿ ಪಟ್ಟಿ ಹೊಕ್ಕಾಗ ಭುಜ ಇನ್ನೂ ಮೆತ್ತನೆಯದರಲ್ಲಿತ್ತು. ಭುಜಕ್ಕೆ ಪಟ್ಟಿ ಸಿಕ್ಕಾಗ ಮಧ್ಯದವು ಅದನ್ನು ದಾಟಿ ಹೋಗಿದ್ದವು, ಪೂರ್ತಿ ಭಾರ ಕೆಲವೇ ಕಟರ್‌ಗಳ ಮೇಲೆ ಬಿತ್ತು. ಉಗುರು ತಡೆದು ನಿಂತದ್ದು ಅಲ್ಲೇ: ಹೊಳೆಯುವ, ಚೂಪಾದ ಒಡಕು, ಸುಟ್ಟ ಗುರುತೇ ಇಲ್ಲ. ಶಾಖದಿಂದಲ್ಲ, ಏಟಿನಿಂದ ಬಂದ ಸಾವು.

ಮುಂದಿನದಕ್ಕೆ ಆರು ಬ್ಲೇಡ್, 16 ಮಿಲಿಮೀಟರ್, ಭುಜದಲ್ಲಿ 20 ಡಿಗ್ರಿ ಓರೆ, ಅಲ್ಲೇ ಹಿಂದೆ ಇನ್ನೊಂದು ಸಾಲು ಬೆಂಬಲದ ಕಟರ್. ಮಧ್ಯದಲ್ಲಿ ಕಟರ್ ಒಂದು ಮಿತಿಗಿಂತ ಆಳ ಕಚ್ಚದಂತೆ ಗುಬುಟು. ಡ್ರಿಲ್ಲರ್‌ಗೆ ಇದು ಇಷ್ಟವಾಗಲಿಲ್ಲ. "ಏನ್ ಸಾರ್, ಹಳೇದು ಓಡ್ತಿತ್ತು, ಇದು ನಡೀತಾ ಇದೆ" ಅಂದ. ಅದು ಮೇಲೆ ಬಂದಾಗ ಬರೆದ ಸಾಲನ್ನು ಈಗ ನೀವೇ ಓದಿಕೊಳ್ಳಿ: 1–1–ಡಬ್ಲ್ಯೂಟಿ–ಎ–ಎಕ್ಸ್–ಐ–ಎನ್‌ಒ–ಟಿಡಿ.