ಚೆಂಬಿನೊಳಗೆ ನೀರು ಹತ್ತಿದ್ದು ಯಾಕೆ?

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ ಹತ್ತಿರದ ಅತ್ತೆ ಮನೆಗೆ ಹೋಗಿದ್ದೆ. ಅವರ ಮೊಮ್ಮಗುವಿಗೆ ಎರಡು ದಿನದಿಂದ ಜ್ವರ. ಮುಸ್ಸಂಜೆಗೆ ಅತ್ತೆ ಹರಿವಾಣದಲ್ಲಿ ಕುರುದಿ ನೀರು ತಂದರು, ಅರಶಿನ ಸುಣ್ಣ ಕಲಸಿದ ಕೆಂಪು ನೀರು. ಹಳೇ ಬಟ್ಟೆಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದರು. ಮಗುವಿಗೆ ಮೂರು ಸುತ್ತು ನಿವಾಳಿಸಿ, ಬತ್ತಿಯನ್ನು ಚೆಂಬಿನೊಳಗೆ ಹಾಕಿ, ಚೆಂಬನ್ನು ಹರಿವಾಣದ ಮೇಲೆ ಕವುಚಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಳುಗುಳು ಸದ್ದು. ನೋಡನೋಡುತ್ತಿದ್ದಂತೆ ಹರಿವಾಣದ ನೀರೆಲ್ಲ ಚೆಂಬಿನೊಳಗೆ!

"ಕಂಡಿತಾ? ಎಷ್ಟು ದೃಷ್ಟಿ ಬಿದ್ದಿತ್ತು ಮಗುವಿಗೆ!" ಎಂದರು ಅತ್ತೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ದೃಷ್ಟಿ ಹೋಯಿತಲ್ಲ ಎಂದು ಡಾಕ್ಟರ ಹತ್ತಿರ ಹೋಗುವುದು ಮರುದಿನಕ್ಕೆ ಬಿತ್ತು. ನಮ್ಮ ಕಡೆ ಮಳೆಗಾಲದ ಜ್ವರ ಅಂದರೆ ಡೆಂಗೆಯೂ ಇರಬಹುದು, ಇಲಿಜ್ವರವೂ ಇರಬಹುದು. ಕಾದು ನೋಡುವ ಜ್ವರ ಅದಲ್ಲ.

ಮಗು ಹುಷಾರಾದ ಮೇಲೆ ಅತ್ತೆಯನ್ನು ಒಂದು ಕೇಳಿದೆ. "ಅತ್ತೇ, ಈಗ ಅರೆಯುವ ಕಲ್ಲಿಗೆ ದೃಷ್ಟಿ ತೆಗೆಯುವ." ಮೊದಲು ಬೇಡ ಅಂದರು, ಆಮೇಲೆ ಒಪ್ಪಿದರು. ಅದೇ ಬತ್ತಿ, ಅದೇ ಚೆಂಬು. ನೀರು ಅಷ್ಟೇ ಹತ್ತಿತು. ಸುಲಿದ ತೆಂಗಿನಕಾಯಿಗೆ ತೆಗೆದೆವು. ಆಗಲೂ ಹತ್ತಿತು. ಅತ್ತೆ ಸುಮ್ಮನೆ ಕೂತು ಯೋಚಿಸಿ, "ಹಾಗಾದರೆ ಎಂತಕ್ಕೆ ಹತ್ತುವುದು ಅದು?" ಎಂದರು. ಎಂಥ ಒಳ್ಳೆಯ ಪ್ರಶ್ನೆ!

ಪಕ್ಕದಲ್ಲಿದ್ದ ಹುಡುಗ ಥಟ್ಟನೆ ಉತ್ತರ ಕೊಟ್ಟ. "ಆಮ್ಲಜನಕ ಉರಿದು ಖಾಲಿಯಾಗುತ್ತದೆ. ಖಾಲಿಯಾದ ಜಾಗಕ್ಕೆ ನೀರು ಬರುತ್ತದೆ." ಶಾಲೆಯಲ್ಲಿ ನಾನು ಕಲಿತದ್ದೂ ಅದೇ. ತಟ್ಟೆಯಲ್ಲಿ ಮೇಣದ ಬತ್ತಿ, ಮೇಲೆ ಗಾಜಿನ ಲೋಟ, ನೀರು ಐದನೇ ಒಂದು ಪಾಲು ಏರುತ್ತದೆ, ಗಾಳಿಯಲ್ಲಿ ಆಮ್ಲಜನಕವೂ ಐದನೇ ಒಂದು ಪಾಲು. ಕೇಳಲು ಎಷ್ಟು ಚೆಂದ! ಆದರೆ ತಪ್ಪು. ನಿಜ ಹೇಳಬೇಕೆಂದರೆ ಅತ್ತೆಯ ದೃಷ್ಟಿಗಿಂತ ನನಗೆ ಜಾಸ್ತಿ ಬೇಸರ ಈ ಉತ್ತರದ ಮೇಲೆ. ದೃಷ್ಟಿಯನ್ನು ಪ್ರಶ್ನಿಸಬೇಕು ಅಂತ ಯಾರಿಗಾದರೂ ಅನ್ನಿಸೀತು. ವಿಜ್ಞಾನದ ಹೆಸರಿನಲ್ಲಿ ಬಂದ ತಪ್ಪನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಚೆಂಬಿನ ಬದಲು ಗಾಜಿನ ಭರಣಿ ಕವುಚಿ, ಕಣ್ಣು ಮಿಟುಕಿಸದೆ ನೋಡಿ. ಮೊದಲು ಭರಣಿಯ ಅಂಚಿನಿಂದ ಗುಳ್ಳೆಗಳು ಹೊರಗೆ ಬರುತ್ತವೆ. ಬತ್ತಿ ಚೆನ್ನಾಗಿ ಉರಿಯುವಾಗ ನೀರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಜ್ವಾಲೆ ಸಣ್ಣದಾಗಿ ನಂದುತ್ತದೆ ನೋಡಿ, ಆಗ ಸರ್ರನೆ ಏರುತ್ತದೆ. ಆಮ್ಲಜನಕ ಕಮ್ಮಿಯಾದದ್ದೇ ಕಾರಣವಾದರೆ ಉರಿಯುತ್ತಿರುವಾಗಲೇ ನಿಧಾನಕ್ಕೆ ಏರಬೇಕಿತ್ತು, ಅಲ್ವಾ? ಇನ್ನೊಂದು: ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೆ ಹೋಗುತ್ತದೆ. ಭರಣಿಯೊಳಗಿನ ಆಮ್ಲಜನಕ ಮೂರು ಪಟ್ಟು ಆಯಿತೇ?

ಜ್ವಾಲೆ ಆಮ್ಲಜನಕವನ್ನು ಪೂರ್ತಿ ಮುಗಿಸುವುದೂ ಇಲ್ಲ. ಇದು ನಮ್ಮ ಸುರಂಗ ತೋಡುವವರಿಗೆ ಅನುಭವದಿಂದ ಗೊತ್ತು. ಬಾಯಾರು, ಪೈವಳಿಕೆ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಒಳಗೆ ಮೇಣದ ಬತ್ತಿ ಉರಿಸಿಟ್ಟುಕೊಂಡೇ ಕೆಲಸ. ಅದು ಮಂಕಾದರೆ ಹೊರಗೆ ಬರಬೇಕು. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಆಮ್ಲಜನಕ ಸುಮಾರು 16 ಪಾಲಿಗೆ ಇಳಿದಾಗಲೇ ಬತ್ತಿ ನಂದುತ್ತದೆ. ಉಳಿದದ್ದನ್ನು ಉಸಿರಾಡುತ್ತಲೇ ಮನುಷ್ಯ ನಡೆದು ಹೊರಗೆ ಬರುತ್ತಾನೆ. ಉರಿದು ಹೋದ ಆ ಐದು ಪಾಲೂ ಮಾಯವಾಗುವುದಿಲ್ಲ. ಅದರ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಆವಿ ತಣಿದು ಹನಿಯಾಗುವುದರಿಂದ ಒಂದಿಷ್ಟು ಜಾಗ ಬಿಡುಗಡೆಯಾಗುತ್ತದೆ, ಅಷ್ಟೇ. ಕುರುದಿ ನೀರಿನ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ ನಿಜ, ಆದರೆ ಅದು ನಿಧಾನದ ಕೆಲಸ.

ಹಾಗಾದರೆ ನೀರನ್ನು ಎಳೆದದ್ದು ಯಾರು? ಯಾರೂ ಎಳೆಯಲಿಲ್ಲ. ಗಾಳಿಗೆ ಎಳೆಯಲು ಬರುವುದೇ ಇಲ್ಲ, ದೂಡಲು ಮಾತ್ರ ಗೊತ್ತು.

ಆಟಿ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಬೀಳುವುದನ್ನು ನೆನಪಿಸಿಕೊಳ್ಳಿ. ಒಂದೊಂದು ಹನಿಯ ಪೆಟ್ಟು ಬೇರೆಬೇರೆ. ಆದರೆ ಕೋಟಿ ಹನಿ ಒಟ್ಟಿಗೆ ಬಿದ್ದರೆ ಎಡೆಬಿಡದ ಒಂದೇ ಸದ್ದು, ಒಂದೇ ಒತ್ತಡ. ಗಾಳಿಯ ಅಣುಗಳೂ ಹಾಗೆಯೇ. ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತ ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬಡಿಯುತ್ತಿರುತ್ತವೆ. ಮಳೆ ಮೇಲಿನಿಂದ ಮಾತ್ರ ಬೀಳುತ್ತದೆ, ಇವು ಎಲ್ಲ ಕಡೆಯಿಂದಲೂ ಬಡಿಯುತ್ತವೆ. ಹಾಗಾಗಿ ಒಂದು ಬಾಗಿಲನ್ನೂ ಕಲ್ಪಿಸಿಕೊಳ್ಳಿ. ಒಳಗಿನಿಂದ ಐದು ಜನ ದೂಡುತ್ತಿದ್ದಾರೆ, ಹೊರಗಿನಿಂದಲೂ ಐದು ಜನ. ಬಾಗಿಲು ಅಲ್ಲಾಡುವುದಿಲ್ಲ. ಒಳಗಿನವರು ಸುಸ್ತಾದರೆ? ಬಾಗಿಲು ಒಳಕ್ಕೆ ಸರಿಯುತ್ತದೆ. ಅದನ್ನು ಒಳಗಿನವರು ಎಳೆದುಕೊಂಡರು ಅನ್ನುತ್ತೇವೆಯೇ?

ಚೆಂಬಿನಲ್ಲಿ ಆ ಬಾಗಿಲು ಅಂದರೆ ನೀರು. ಬತ್ತಿ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗಿತು. ಹೆಚ್ಚಾದದ್ದು ಕವುಚುವ ಮೊದಲೇ ಒಂದಿಷ್ಟು, ಆಮೇಲೆ ಗುಳ್ಳೆಯಾಗಿ ಒಂದಿಷ್ಟು ಹೊರಗೆ ಹೋಯಿತು. ಬತ್ತಿ ನಂದಿತು, ಉಳಿದ ಗಾಳಿ ತಣಿಯಿತು, ಅಣುಗಳ ಓಟ ನಿಧಾನವಾಯಿತು, ಪೆಟ್ಟಿನ ಬಲ ಇಳಿಯಿತು. ಹೊರಗಿನ ಗಾಳಿ ಮಾತ್ರ ಮೊದಲಿನಂತೆಯೇ ಹರಿವಾಣದ ನೀರನ್ನು ಒತ್ತುತ್ತಿದೆ. ಒಳಹೊರಗಿನ ಒತ್ತಡ ಸಮ ಆಗುವವರೆಗೆ ನೀರು ಏರುತ್ತದೆ.

ಎಷ್ಟು ತಣಿದರೆ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕದ ಹಿಂದೆ ಒಂದು ಕತೆ ಉಂಟು. ಫ್ರಾನ್ಸಿನ ವಿಜ್ಞಾನಿ ಜಾಕ್ ಚಾರ್ಲ್ಸ್ 1783ರ ಆಗಸ್ಟ್ 27ರಂದು ಪ್ಯಾರಿಸಿನಿಂದ ಜಲಜನಕ ತುಂಬಿದ ಬಲೂನನ್ನು ಹಾರಿಬಿಟ್ಟ. ಒಳಗೆ ಜನ ಇರಲಿಲ್ಲ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯಿತು, ಒಳಗಿನ ಅನಿಲ ಹಿಗ್ಗಿತು, ಬಲೂನು ಹರಿದು ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲೇ ಹೇಳಿದ್ದ. ಆದರೆ ಗೊನೆಸಿನ ರೈತರಿಗೆ ಅದು ಹೇಗೆ ಗೊತ್ತಿರಬೇಕು? ಆಕಾಶದಿಂದ ಬಿದ್ದು ಬುಸುಗುಡುತ್ತ ಹೊರಳಾಡುವ ವಸ್ತು ಕಂಡು ಹೆದರಿದರು. ಹುಲ್ಲು ಎತ್ತುವ ಕವಲುಗೋಲಿನಿಂದ ತಿವಿದು ಹರಿದರು, ಕುದುರೆ ಬಾಲಕ್ಕೆ ಕಟ್ಟಿ ಎಳೆಸಿದರು. ಕೊನೆಗೆ ಸರಕಾರವೇ ಹೆದರಬೇಡಿ ಎಂದು ಜನರಿಗೆ ತಿಳಿವಳಿಕೆ ಪತ್ರ ಹೊರಡಿಸಿತು. ನನಗೆ ಆ ರೈತರ ಮೇಲೆ ಕೋಪ ಇಲ್ಲ. ಕಾರಣ ಗೊತ್ತಿಲ್ಲದಾಗ ಭಯ ಮುಂದೆ ಬಂದು ನಿಲ್ಲುತ್ತದೆ, ಅತ್ತೆಯ ಜಗಲಿಯಲ್ಲೂ ಅಷ್ಟೇ.

1787ರ ಸುಮಾರಿಗೆ ಇದೇ ಚಾರ್ಲ್ಸ್ ಬೇರೆಬೇರೆ ಅನಿಲಗಳನ್ನು ಕಾಯಿಸಿ ನೋಡಿದ. ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಫ್ರಾನ್ಸಿನ ಇನ್ನೊಬ್ಬ ವಿಜ್ಞಾನಿ ಗೇ ಲ್ಯುಸಾಕ್ ಅದನ್ನು ಸರಿಯಾಗಿ ಅಳೆದು, ಚಾರ್ಲ್ಸ್ ಹೆಸರನ್ನೂ ಹೇಳಿ ಪ್ರಕಟಿಸಿದ. ಒತ್ತಡ ಬದಲಾಗದಿದ್ದರೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅನಿಲ ಹಿಗ್ಗುವುದು ಸೊನ್ನೆ ಡಿಗ್ರಿಯಲ್ಲಿ ಅದಕ್ಕಿದ್ದ ಗಾತ್ರದ ಸುಮಾರು 273ನೇ ಒಂದು ಪಾಲು. ಆಮ್ಲಜನಕವಾದರೂ ಅಷ್ಟೇ, ಜಲಜನಕವಾದರೂ ಹೆಚ್ಚುಕಡಿಮೆ ಅಷ್ಟೇ! ಕಬ್ಬಿಣ, ತಾಮ್ರ ಕಾದರೆ ಒಂದೊಂದು ಒಂದೊಂದು ರೀತಿ ಹಿಗ್ಗುತ್ತವೆ. ಅನಿಲಗಳಲ್ಲಿ ಆ ಭೇದ ಇಲ್ಲ. ಇದನ್ನು ಮೊದಲ ಸಲ ಓದಿದಾಗ ಆದ ಖುಷಿ ನನಗೆ ಇವತ್ತಿಗೂ ಕಮ್ಮಿಯಾಗಿಲ್ಲ.

ಒಂದು ಲೀಟರ್ ಚೆಂಬಿನ ಗಾಳಿ 127 ಡಿಗ್ರಿಗೆ ಕಾದಿತ್ತು ಅಂದುಕೊಳ್ಳಿ. ಸೊನ್ನೆ ಡಿಗ್ರಿಯಲ್ಲಿ 273 ಪಾಲು ಇರುವ ಗಾಳಿ ಡಿಗ್ರಿಗೆ ಒಂದು ಪಾಲಿನಂತೆ ಹಿಗ್ಗುವುದರಿಂದ, 127ಕ್ಕೆ 273 ಕೂಡಿಸಿದರೆ 400 ಪಾಲು. ಅದು 27 ಡಿಗ್ರಿಗೆ ತಣಿದರೆ 300. ಅಂದರೆ ಗಾಳಿ ಮುಕ್ಕಾಲು ಲೀಟರಿಗೆ ಕುಗ್ಗಿತು, ಕಾಲು ಲೀಟರ್ ನೀರು ಮೇಲೆ ಬಂತು. ಒಳಗೆ ಒತ್ತಡ ತುಂಬ ಇಳಿದಿರಬೇಕು ಅನ್ನಿಸುತ್ತದೆ. ಹಾಗಿಲ್ಲ. ವಾಯುಭಾರ ಹತ್ತು ಮೀಟರ್ ಎತ್ತರದ ನೀರನ್ನು ಹೊರಬಲ್ಲದು. ಚೆಂಬಿನಲ್ಲಿ ಏರಿದ್ದು ನಾಲ್ಕೈದು ಸೆಂಟಿಮೀಟರ್. ಕೊನೆಗೆ ಉಳಿದ ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲು.

ಇಷ್ಟೆಲ್ಲ ಹೇಳಿದ ಮೇಲೆ ಅತ್ತೆ ಎದ್ದು ಅಡುಗೆಮನೆಗೆ ಹೋದರು. ಬತ್ತಿ ಇಲ್ಲದೆ ಬರೇ ಚೆಂಬನ್ನು ಒಲೆಯ ಮೇಲೆ ಕಾಯಿಸಿ, ಬಟ್ಟೆಯಲ್ಲಿ ಹಿಡಿದು ಹರಿವಾಣದ ನೀರಿನ ಮೇಲೆ ಕವುಚಿದರು. ನೀರು ಮೆಲ್ಲ ಒಳಗೆ ಸರಿಯತೊಡಗಿತು. ಅರ್ಧ ಹೋಗಿ ನಿಧಾನವಾಯಿತು.

"ಚೆಂಬಿನ ಬೆನ್ನಿಗೆ ತಣ್ಣೀರು ಹಾಕಿದರೆ ಉಳಿದದ್ದೂ ಹೋಗಬೇಕಲ್ಲ?" ಎಂದರು.

ನಾನು ಉತ್ತರ ಹೇಳುವ ಮೊದಲೇ ಬಾವಿಯ ನೀರಿನಲ್ಲಿ ಬಟ್ಟೆ ಅದ್ದಿ ಚೆಂಬಿಗೆ ಸುತ್ತಿದರು. ಗುಳುಗುಳು ಸದ್ದು ಬಂತು. ಹರಿವಾಣ ಒಣಗಿತ್ತು.